ಕಾಲರಿನ ಒಳಗಿನ ನಂಬರು

ಮಹಬೂಲದಲ್ಲಿ, ಬಕಾಲದ ಪಕ್ಕ,
ಹತ್ತಡಿ ಅಗಲದ ನಮ್ಮ ಲಾಂಡ್ರಿ.
ಅಮ್ಮನ ಆಸ್ಪತ್ರೆ ಡ್ಯೂಟಿ ಮುಗಿಯುವ ತನಕ
ರೆನಿಷಾ ಇಸ್ತ್ರಿ ಮೇಜಿನ ತುದಿಗೆ ಪುಸ್ತಕ ಬಿಡಿಸುತ್ತಾಳೆ.
ಹನ್ನೊಂದನೇ ಕ್ಲಾಸು. ಉಗುರಿಗೆಲ್ಲ ಶಾಯಿ.
ಹಬೆಗೆ ಅವಳ ಗ್ರಾಫ್ ಹಾಳೆ ಮೆತ್ತಗಾಗುತ್ತದೆ.

"ಅಂಕಲ್, ಫಂಕ್ಷನ್ ಅಂದ್ರೆ ಗೊತ್ತಾ?"
ಗೊತ್ತಿಲ್ಲದೆ ಏನು!
ಹಾಲು, ಶಾಮಿಯಾನ, ಎಲೆಯ ತುದಿಗೆ ಉಪ್ಪಿನಕಾಯಿ.
ನಕ್ಕಳು. ಅದಲ್ಲವಂತೆ.
ಈ ಕಡೆಯಿಂದ ಹೊರಟ ಪ್ರತಿಯೊಂದಕ್ಕೂ
ಆ ಕಡೆ ಒಂದೇ ಒಂದು ಬಾಗಿಲಂತೆ.
ಎರಡು ತೆರೆದರೆ ಫಂಕ್ಷನ್ ಅಲ್ಲ,
ಬರೀ ಸಂಬಂಧ.

ಪಿಯುಸಿಯಲ್ಲಿ ನಾನು ಎರಡು ಸಲ ಬಿದ್ದ ಗುಂಡಿ ಇದೇ.
ಆಗ ಅದಕ್ಕೆ ಉತ್ಪನ್ನ ಎನ್ನುತ್ತಿದ್ದರು;
ಬೀಡಿ, ಹಂಚು ಎಂದುಕೊಂಡು ಕೂತಿದ್ದೆ.

ಆದರೆ ಇದು ನನ್ನ ದಿನದ ಕೆಲಸವೇ ಅಲ್ಲವೇ?
ಅಂಗಿ ಬಂದರೆ ಕಾಲರಿನ ಒಳಗೆ
ಅಳಿಯದ ಶಾಯಿಯಲ್ಲಿ ನಂಬರು.
ಅಂಗಿಯಿಂದ ಆಳಿಗೆ, ಒಂದಕ್ಕೆ ಒಬ್ಬ.
ಎದುರು ವಿಲ್ಲಾದ ಅಬು ಫಹದನೊಬ್ಬನಿಗೇ
ಹದಿನಾಲ್ಕು ದಿಶ್ದಾಶ ಹೋಗುತ್ತದೆ.
"ಅದು ತಪ್ಪಲ್ಲ," ಎಂದಳು,
"ತಿರುಗಿಸಬೇಡಿ ಅಷ್ಟೇ. ಆಳಿನಿಂದ ಅಂಗಿಗೆ ಹೊರಟರೆ ಕೆಟ್ಟಿತು."
ಹೌದು. ಅದಕ್ಕೇ ನಾವು
ಮುಖ ನೋಡಿ ಬಟ್ಟೆ ಕೊಡುವುದಿಲ್ಲ.

ಪರೀಕ್ಷೆಯೂ ಉಂಟಂತೆ.
ಛಾವಣಿಯಿಂದ ಇಳಿಬಿದ್ದ ಇಸ್ತ್ರಿಯ ವೈರು ತೋರಿಸಿದಳು:
ಹೀಗೆ ನೆಟ್ಟಗೊಂದು ಗೆರೆ, ಎಡದಿಂದ ಬಲಕ್ಕೆ ಸರಿಸುತ್ತ ಹೋಗಿ,
ಎಲ್ಲಿಯೂ ಚಿತ್ರವನ್ನು ಎರಡು ಕಡೆ ಮುಟ್ಟಕೂಡದು.
ಬೋಗುಣಿ ನೆಟ್ಟಗಿಟ್ಟರೆ ಪಾಸು,
ಮಗ್ಗುಲಿಗೆ ಮಲಗಿಸಿದರೆ ಫೇಲು.
ಹ್ಯಾಂಗರಿನ ಕೊಕ್ಕೆ ಫೇಲು.
ವೃತ್ತ, ಪಾಪ, ಯಾವ ಕಡೆ ತಿರುಗಿಸಿದರೂ ಫೇಲು.

ಮಂಗಳವಾರ ದೂಳುಗಾಳಿ. ಬೀದಿಯ ಆಚೆ ಬದಿ ಕಾಣಲಿಲ್ಲ.
ಬುಟ್ಟಿಯ ತಳದಲ್ಲೊಂದು ತಿಳಿನೀಲಿ ಅಂಗಿ,
ಕಾಲರಿನ ಒಳಗೆ ಒಂದರ ಕೆಳಗೊಂದು
ನಲವತ್ತೇಳು,
ನೂರ ಹನ್ನೆರಡು.
ಎರಡೂ ನನ್ನದೇ ಕೈಬರಹ.

ನಲವತ್ತೇಳು ಶಹಾಪುರದ ಮಶಾಕ, ಹಗಲು ಸ್ಕ್ಯಾಫೋಲ್ಡಿಂಗು.
ನೂರ ಹನ್ನೆರಡು ಕರೀಂನಗರದ ಯಾದಯ್ಯ, ರಾತ್ರಿ ಗೋದಾಮಿನ ಕಾವಲು.
ನಾಲ್ಕನೇ ಮಹಡಿಯಲ್ಲಿ ಇಬ್ಬರಿಗೂ ಒಂದೇ ಮಂಚ,
ಒಬ್ಬ ಎದ್ದ ಬಿಸುಪಿನಲ್ಲಿ ಇನ್ನೊಬ್ಬ ಮಲಗುತ್ತಾನೆ.
ಬಾಡಿಗೆ ಅರ್ಧರ್ಧ. ಅಂಗಿಯೂ ಅರ್ಧರ್ಧ:
ಬ್ಯಾಂಕಿಗೆ, ಸಿವಿಲ್ ಐಡಿ ಫೋಟೋಗೆ,
ಶುಕ್ರವಾರದ ವಿಡಿಯೋ ಕಾಲಿಗೆ.
ಒಬ್ಬರನ್ನೊಬ್ಬರು ಕಾಣದ ಎರಡು ಊರಿನ ಮಕ್ಕಳಿಗೆ
ಅಪ್ಪನೆಂದರೆ ತಿಳಿನೀಲಿ.

ರೆನಿಷಾ ಕಾಲರನ್ನು ವೈರಿನ ಹಿಂದೆ ಹಿಡಿದಳು.
ವೈರು ಎರಡೂ ನಂಬರನ್ನು ಮುಟ್ಟಿತು.
"ಫೇಲ್," ಎಂದಳು.
ಆಮೇಲೆ ತುಸು ತಡೆದು,
"ಆದ್ರೂ ಸಂಬಂಧ ಹೌದು, ಅಂಕಲ್."

ನಮ್ಮ ಕಡೆ ಮಾತೇ ಹಾಗಿದೆ:
ಮೊದಲು ಸಂಬಂಧ ಕೂಡಿಬರಬೇಕು, ಆಮೇಲೆ ಫಂಕ್ಷನ್.
ನನಗೂ ಒಂದು ಕೂಡಿಬಂದಿತ್ತು, ಕಟಪಾಡಿಯಲ್ಲಿ,
ವೀಸಾ ಬಂದ ವಾರವೇ.
ಹಾಲ್ ಬುಕ್ ಮಾಡಲಿಲ್ಲ.
ಇದನ್ನು ಹುಡುಗಿಗೆ ಹೇಳುವುದುಂಟೆ?
ನೀರು ಚಿಮುಕಿಸಿ ತೋಳಿನ ಮಡಿಕೆ ತೀಡಿದೆ.

ಬಿಲ್ಲಿನಲ್ಲಿ ಹೆಸರಿಗೆ ಒಂದೇ ಗೆರೆ.
ಪೆನ್ನು ಹಿಡಿದು ನಿಂತವನು ಕೊನೆಗೆ ಬರೆದೆ:
ಮಂಚ. ನಾಲ್ಕನೇ ಮಹಡಿ. ಕಿಟಕಿ ಬದಿ.
ಅವಳು ಬಗ್ಗಿ ಓದಿದಳು,
ಬೆರಳಲ್ಲಿ ಏನೋ ಎಣಿಸಿದಳು,
ಪಾಸೆಂದೂ ಹೇಳಲಿಲ್ಲ, ಫೇಲೆಂದೂ ಹೇಳಲಿಲ್ಲ.

ಎಂಟೂಕಾಲಿಗೆ ಅವಳಮ್ಮ ಬಂದು ಕರೆದುಕೊಂಡು ಹೋದಳು.
ಮರೆತ ಗ್ರಾಫ್ ಹಾಳೆ ಹಬೆಗೆ ಸುರುಟಿಕೊಂಡಿತ್ತು.
ಬಿಸಿ ಇಳಿಸಿ, ಮೇಲೊಂದು ಹತ್ತಿಬಟ್ಟೆ ಹಾಸಿ,
ಮೆಲ್ಲಗೆ ಇಸ್ತ್ರಿ ಹಾಕಿದೆ.
ವೃತ್ತದ ಪಕ್ಕ ಕೆಂಪಿನಲ್ಲಿ ಅಲ್ಲ ಎಂದು ಬರೆದಿದ್ದಳು.
ಬರಿಗೈಯಲ್ಲೇ ಎಳೆದ ಗೆರೆ,
ಹೊರಟಲ್ಲಿಗೇ ಬಂದು ಸೇರಿತ್ತು.