ಒಂಬತ್ತನೇ ಮಾದರಿ

ಎಂಟು ಬಿಲ್ಲೆ ಕಳಿಸಿದ್ದೆ ಇಂದೋರಿಗೆ,
ಪೇಢೆಯ ಖಾಲಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ.
ಒಂದೊಂದೂ ಕಿರುಬೆರಳ ಉಗುರಿನಷ್ಟು.
ಸಿಲಿಕಾ, ಅದರ ಹೊಟ್ಟೆಯಲ್ಲಿ ಕಬ್ಬಿಣದ ಆಕ್ಸೈಡಿನ ಕಣ:
ಸಾಸಿವೆಯೊಂದರ ಅಗಲಕ್ಕೆ ನಾಲ್ಕು ಲಕ್ಷ ಸಾಲು ನಿಲ್ಲಬೇಕು.
ಇವೆ ಎಂದು ನಂಬಿದ್ದೆ. ಪ್ರಬಂಧದ ಮೊದಲ ಪುಟದಲ್ಲಿ
ಬರೆದೂ ಬಿಟ್ಟಿದ್ದೆ.

ಲಾಲಸಾಬ ಮಾತ್ರ, ಕುಲುಮೆಯ ಬಾಗಿಲು ತೆಗೆದ ದಿನವೇ
ಮೂಸೆಯೊಳಗೆ ಇಣುಕಿ ಅಂದಿದ್ದ:
"ಅರಿಷಿಣ ಹಚ್ಚಿದ ಮದಿಮಗಳಂಗ ಐತ್ರಿ ಮೇಡಂ.
ಕೆಂಪ ಎಲ್ಲೈತಿ?"
ರಿಜಿಸ್ಟರಿನಲ್ಲಿ ಅವನದೇ ಅಕ್ಷರ:
ಆರುನೂರು ಡಿಗ್ರಿ. ರಾತ್ರಿ ಎರಡೂ ಇಪ್ಪತ್ತಕ್ಕೆ ಕರೆಂಟ ಹೋತು.
ಮೂರೂ ಹತ್ತಕ್ಕೆ ಬಂತು. ನಾ ಮಲಗಿಲ್ಲ.

"ಅಲ್ಲಿ ಏನ ಮಾಡ್ತಾರ?" ಕೇಳಿದ, ಬೀಕರು ತೊಳೆಯುತ್ತ.
ನಾನು ಬಾದಾಮಿಯವಳು, ನನಗೆ ಬರುವ ಉಪಮೆ ಒಂದೇ.
ಹೊಂಡದ ಮೆಟ್ಟಿಲಲ್ಲಿ ದ್ಯಾಮಕ್ಕತ್ತಿ ಸೀರೆ ಕುಕ್ಕಿದರೆ
ಒಂದು ಸಪ್ಪಳ ಕಲ್ಲಿಗೆ. ಇನ್ನೊಂದು
ಆಚೆಯ ಬಂಡೆಗೆ ಹೋಗಿ ಬರುತ್ತದೆ,
ತಡವಾಗಿ, ತುಸು ತೆಳ್ಳಗಾಗಿ.
ಕಣ್ಣು ಮುಚ್ಚಿಯೂ ಹೇಳಬಹುದು ಬಂಡೆ ಎಷ್ಟು ದೂರ.

ಕ್ಷ-ಕಿರಣವೂ ಹಾಗೆ.
ಏಳು ಸಾವಿರದ ನೂರಾ ಹನ್ನೆರಡರಲ್ಲಿ ಒಂದು ಹೊಸ್ತಿಲು;
ಅದರ ಕೆಳಗೆ ಕಬ್ಬಿಣ ಹೆಚ್ಚುಕಡಿಮೆ ಸುಮ್ಮನೆ.
ದಾಟಿತೋ, ಕಿರಣವನ್ನು ಗಬಕ್ಕನೆ ನುಂಗಿ
ಒಳಮನೆಯ ಎಲೆಕ್ಟ್ರಾನೊಂದನ್ನು ಹೊರಗಟ್ಟುತ್ತದೆ.
ಅದು ಅಲೆಯಾಗಿ ನೆರೆಯವರ ಗೋಡೆಗೆ ಬಡಿದು
ಮರಳಿ ತನ್ನ ಬಾಗಿಲಿಗೇ ಬರುತ್ತದೆ.
ಗ್ರಾಫಿನ ನಡುಕದಲ್ಲಿ ನಾವು ಓದುವುದು ಅದನ್ನೇ:
ನೆರೆಯಲ್ಲಿ ಯಾರು, ಎಷ್ಟು ಮಂದಿ, ಎಷ್ಟು ದೂರ.

"ಹಂಗಾರ, ಕನ್ಯಾ ನೋಡಾಕ ಬಂದವರು
ಓಣ್ಯಾಗ ವಿಚಾರ ಮಾಡಿದಂಗ," ಅಂದ ಲಾಲಸಾಬ.
ಹೌದು. ಒಂದು ಸೆಮಿಸ್ಟರು ಪೂರ್ತಿ
ನಾನು ಹೇಳುವುದು ಅಷ್ಟೇ.

ಮೊನ್ನೆ ಮಂಗಳವಾರ ಫೈಲು ಬಂತು.
ಎಂಟರಲ್ಲಿ ಎಂಟೂ ಒಂದೇ ಮಾತು:
ಹೊಸ್ತಿಲಿಗೂ ಮುಂಚೆ ಚೂಪಾದ ಪುಟ್ಟ ಶಿಖರ,
ಕಬ್ಬಿಣದ ಸುತ್ತ ಆಮ್ಲಜನಕ ನಾಲ್ಕೇ, ತೀರ ಹತ್ತಿರ.
ಅದರಾಚೆ ಇನ್ನೊಂದು ಕಬ್ಬಿಣ ಸಿಗಬೇಕಿತ್ತು.
ಎರಡನೇ ಓಣಿ ಖಾಲಿ.
ಕಣ ಆಗಿಯೇ ಇಲ್ಲ. ಬಿಡಿ ಬಿಡಿ ಪರಮಾಣು
ಗಾಜಿನಂಥ ಗೂಡಿನಲ್ಲಿ ಒಂದೊಂದೇ ಸಿಕ್ಕಿಬಿದ್ದಿವೆ.

ತೆರೆಯನ್ನು ಅವನತ್ತ ತಿರುಗಿಸಿದೆ, ಯಾಕೋ.
ಉಬ್ಬು ಇರಬೇಕಾದಲ್ಲಿ ಸಪಾಟಾದ ಗೆರೆ.
ಅವನು ಅದನ್ನೇ ನೋಡುತ್ತ ನಿಂತ.
"ನಮ್ಮ ಓಣಿನೂ ಹಿಂಗ ಆತ್ರಿ, ನೀರ ಬಂದಾಗ.
ನಾ ನವನಗರದಾಗ ಈ ಸೆಕ್ಟರಿಗೆ ಬಂದೆ.
ಪಿಂಜಾರ ರಾಜೇಸಾಬ ಆ ತುದಿಗೆ.
ನೇಕಾರ ಈರಭದ್ರಪ್ಪ ಎಲ್ಲಿ ಅಂತ ಕೇಳಬ್ಯಾಡ್ರಿ.
ಗ್ವಾಡಿ ನಾಲ್ಕ ಅದಾವು. ಗಟ್ಟಿ ಅದಾವು,
ಸುಳ್ಳ ಯಾಕ ಹೇಳ್ಲಿ."

ಒಂಬತ್ತುನೂರಕ್ಕೆ ಕಾಯಿಸಿದರೆ ಸರಿದು ಕೂಡಿಯಾವು, ಅಂದೆ.
"ಕೂಡ್ತಾವೋ ಇಲ್ಲೋ. ಕುಲುಮಿ ಕಾಯಿಲ್ ಅಂತೂ ಸುಡತೈತಿ."

ಮರುದಿನ ಕರವಸ್ತ್ರದಲ್ಲಿ ಕಟ್ಟಿ ತಂದ
ಹೆಬ್ಬೆರಳುದ್ದದ ಕೆಂಪು ಕಲ್ಲಿನ ಚೂರು.
ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ
ಹಳೇ ಮನೆಯ ಹೊಸ್ತಿಲಿನಿಂದ ಎಬ್ಬಿಸಿದ್ದಂತೆ.
ಕಲ್ಬತ್ತಿನಲ್ಲಿ ನಾನೇ ಅರೆದೆ.
ಉಸುಕಿನ ಹರಳಿಗೆ ಹರಳಿಗೆ ಮೆತ್ತಿದ ಕೆಂಪು
ಬೆರಳಿಗೂ ಹತ್ತಿತು, ಸೋಪಿಗೆ ಬಗ್ಗಲಿಲ್ಲ.

ಡಬ್ಬಿಯಲ್ಲಿ ಎಂಟರ ಪಕ್ಕ ಜಾಗ ಮಾಡಿದೆವು.
ಅವನು ರಿಜಿಸ್ಟರು ತೆರೆದು, ಗೆರೆ ಹೊಡೆದು,
ಮಾದರಿ ಒಂಬತ್ತು ಎಂದು ಬರೆದು,
ಪೆನ್ನು ಎತ್ತಿ ಹಿಡಿದು ಕೇಳಿದ:
"ಮೇಡಂ, ಎಷ್ಟ ಡಿಗ್ರಿ ಅಂತ ಬರೀಲ್ರಿ?
ಎಷ್ಟ ತಾಸು?"