ಎರಡನೆಯ ಚರಣ

ಗ್ರಿಮ್ಸ್‌ಬಿಯ ಅಂಗಡಿಯಲ್ಲಿ, ಶನಿವಾರ,
ಗ್ಲೆನಿಸ್ ಹಾರ್ಕರ್ ಮೀನಿನ ಪೊಟ್ಟಣ ಹಿಡಿದು
ಸಾಲಿನಲ್ಲಿ ನಿಂತಿದ್ದಾಳೆ. ಹಿಂದೆ ನಾನು,
ಒಂದು ಕಾಲದ ಡ್ರಮ್ಮರ್, ಈಗ ಅವಳ ಬುಟ್ಟಿ ಹೊರುವವನು.

ಸೂರಿನ ಸ್ಪೀಕರಿನಿಂದ ಇಳಿಯಿತು
ಅವಳದೇ ಹಾಡು, ಬೇರೆಯವಳ ಗಂಟಲು.

ಎಪ್ಪತ್ತೊಂಬತ್ತರಲ್ಲಿ, ವ್ಯಾನು ಕೆಟ್ಟು,
ಡಾನ್‌ಕಾಸ್ಟರಿನಾಚೆ ಹಿಮ ಸುರಿಯುವಾಗ
ಸಿಗರೇಟು ಪ್ಯಾಕಿನ ಬೆನ್ನಿಗೆ ಗೀಚಿದ್ದು.
ನಮ್ಮ ರೆಕಾರ್ಡು ಹೋದದ್ದು ಮುನ್ನೂರ ಹನ್ನೆರಡು,
ಅದರಲ್ಲಿ ನಲವತ್ತು ಅವಳ ಚಿಕ್ಕಪ್ಪನೇ ಕೊಂಡದ್ದು.
ಆಮೇಲೆ ಲಂಡನ್ನಿನಿಂದ ಫೋನು:
ಹಾಡು ಕೊಡಿ. ನೀವು ಬೇಡ.

ಕೊಟ್ಟಳು. ಒಂದಲ್ಲ, ಅರವತ್ತು.
ಗಿಟಾರು ಮಂಚದಡಿ ಸೇರಿತು,
ಮಾಡಿಗೆ ಹೊಸ ಹೆಂಚು ಬಂತು,
ನನ್ನ ಹಲ್ಲಿನ ಖರ್ಚೂ ಅದರಲ್ಲೇ.

ಮುಂದಿನ ಹುಡುಗಿ ಗುನುಗುತ್ತಿದ್ದಾಳೆ, ಚಿಲ್ಲರೆ ಎಣಿಸುತ್ತ.
ಎರಡನೆಯ ಚರಣ ಬಂದಾಗ
ಗ್ಲೆನಿಸ್ ನನ್ನ ತೋಳು ಹಿಂಡಿದಳು:
"ಅಲ್ಲಿ ಕೆಟಲ್ ಅಂತ ಬರೆದಿದ್ದೆ ಕಣೋ.
ಅಮ್ಮನ ಕೆಟಲ್, ತಳ ಸೀದದ್ದು.
ಆ ಮಹಾತಾಯಿ ಅದನ್ನ ಹೃದಯ ಮಾಡಿಬಿಟ್ಟಳು."

ಚೀಲ ಬೇಕಾ, ಕೌಂಟರಿನವಳು ಕೇಳಿದಳು.
ಬೇಡ, ತಂದಿದ್ದೇನೆ.

ಬಾಗಿಲಾಚೆ ಕಡಲಗಾಳಿ.
ಅವಳು ತುಟಿಯೊಳಗೇ
ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟಳು.