ಟೇಪಿನಲ್ಲಿ ಇಲ್ಲ

ಹದಿನಾಲ್ಕು ತಿಂಗಳು, ಗುರುವಾರ ಗುರುವಾರ
ವಿನ್ನಿಪೆಗ್‌ನ ನನ್ನ ಕೋಣೆಯಲ್ಲಿ
ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ:
ಲಿಗಾಯಾಳ ಪ್ರಶ್ನೆ,
ಆಮೇಲೆ ಹೀಟರಿನ ಗುರ್ರ್,
ಆಮೇಲೆ ಮತ್ತೆ ಲಿಗಾಯಾಳದೇ ಪ್ರಶ್ನೆ.

ಎದುರು ಕೂತವಳ ಹೆಸರು ಬರೆಯುವಂತಿಲ್ಲ.
ಹಡ್ಸನ್ ಕೊಲ್ಲಿಯ ದಂಡೆ, ಇನ್ಯುಯಿಟ್ ಹೆಂಗಸು.
ಊರಿನ ಹೆಸರೂ ಬೇಡ,
ಹಿಮದ ಮೇಲಿನ ಬೂಟಿನ ಗುರುತು ನೋಡಿ
ಯಾರು ಹೋದರೆಂದು ಹೇಳುವಷ್ಟು ಚಿಕ್ಕದು ಅದು.

ಮೊದಲ ವಾರದ ಟಿಪ್ಪಣಿ:
ನಿದ್ದೆ ಕೆಟ್ಟಿದೆಯೇ ಎಂದೆ. ಹೌದು ಎಂದಳು.
ನಾನು, ಕೆಂಪು ಪೆನ್ನಿನಲ್ಲಿ:
ಟೇಪಿನಲ್ಲಿ ಇಲ್ಲ. ಆಡದ ಮಾತು ಬರೆಯಬೇಡಿ.
ಎರಡನೆಯ ವಾರ:
ಅಣ್ಣನ ನೆನಪೇ ಎಂದೆ. ಹೌದು ಎಂದಳು.
ಟೇಪಿನಲ್ಲಿ ಇಲ್ಲ.
ಮೂರನೆಯ ವಾರದಿಂದ ಲಿಗಾಯಾ ಬರೆದಳು: ಮೌನ.
ಪಕ್ಕದಲ್ಲಿ ನಾನು: ಪ್ರತಿರೋಧ. ತಾಳ್ಮೆಯಿಂದ ಮುಂದುವರಿಸಿ.
ಕೆಳಗೆ ಸಹಿ, ಬಾಲ ಸಮೇತ.
ಅಂಥ ಸಹಿಗಳು ಸಾಕಷ್ಟು ಕೂಡಿದರೆ ಅವಳಿಗೆ ಲೈಸೆನ್ಸು.

ಮಾರ್ಚಿನಲ್ಲಿ ಮೊದಲ ಸಲ ಅಲ್ಲಿಗೆ ಹೋದೆ.
ಅದೂ ಬಜೆಟ್ಟಿನಲ್ಲಿ ದುಡ್ಡು ಉಳಿದಿತ್ತೆಂದು.
ಅಂಗಡಿಯಲ್ಲಿ ಕೇಳಿದೆ, ಬ್ಯಾಟರಿ ಇದೆಯೇ?
ಗಲ್ಲೆಯ ಹುಡುಗಿ ಹುಬ್ಬೇರಿಸಿದಳು.
ಬ್ಯಾಟರಿ ಕೇಳಿದರೆ ಇಷ್ಟು ಅಚ್ಚರಿಯೇ?
ಮತ್ತೆ ಕೇಳಿದೆ. ಮತ್ತೆ ಹುಬ್ಬು,
ಈ ಸಲ ಇನ್ನಷ್ಟು ಮೇಲೆ,
ಕಿವುಡರಿಗೆ ಜೋರಾಗಿ ಹೇಳುವ ಹಾಗೆ.
ಹಿಂದೆ ನಿಂತ ಐದು ವರ್ಷದ ಪೋರ
ಪಾರ್ಕಾದ ಟೊಪ್ಪಿಯೊಳಗಿಂದ ನಕ್ಕ:
ಹೌದು ಅಂತಿದ್ದಾಳೆ, ಕಾಣಲ್ವಾ?

ಬ್ಯಾಟರಿ ಕೊಂಡೆನೋ ಇಲ್ಲವೋ.
ಹೀಟರಿನ ಗುರ್ರ್ ಮಾತ್ರ ಕಿವಿಗೆ ಬಂತು,
ಅದರ ಮುಂದೆ ನವೆಂಬರಿನ ಒಂದು ಪ್ರಶ್ನೆ:
ಸಾಯಬೇಕು ಅನ್ನಿಸುತ್ತಿದೆಯೇ?

ಮೌನ.
ಪ್ರತಿರೋಧ.
ಸಹಿ.

ಲಿಗಾಯಾ ಚಹಾ ಕಾಸುತ್ತಿದ್ದಳು.
ನವೆಂಬರಿನಲ್ಲಿ, ಎಂದೆ, ಮುಂದೆ ಬಾಯಿ ಬರಲಿಲ್ಲ.
ಹೌದು ಎಂದಿದ್ದಳು, ಅಂದಳು ಆಕೆ.
ಅವಳನ್ನೇ ಕೇಳಿ ಚಿಕ್ಕಮ್ಮನನ್ನು ಕರೆಸಿದೆ.
ಮೂರು ರಾತ್ರಿ ಚಿಕ್ಕಮ್ಮ ಮಗ್ಗುಲಲ್ಲಿ ಮಲಗಿದರು,
ಬಂದೂಕು ಪಕ್ಕದ ಮನೆಗೆ ಹೋಯಿತು.
ಈಗ ಸೀಲ್ ಚರ್ಮದ ಬೂಟು ಹೊಲಿಯುತ್ತಾಳೆ,
ಹೊಲಿಗೆ ಸೊಟ್ಟಗಾದರೆ ಬೈಯುತ್ತಾಳೆ.

ನನಗೇಕೆ ಹೇಳಲಿಲ್ಲ?

ಹೇಳಿದ್ದೆ. ಎರಡು ವಾರ.
ಚಹಾ ಸೋಸಿ, ಸೋಸಿದ್ದನ್ನೇ ಮತ್ತೆ ಸೋಸುತ್ತ:
ಇಲೊಯಿಲೊದಲ್ಲಿ ನಮ್ಮಜ್ಜಿಯೂ ಹೂಂ ಅನ್ನುತ್ತಿದ್ದದ್ದು ಹುಬ್ಬಿನಲ್ಲೇ.
ಇವಳು ಎತ್ತಿದ ಕೂಡಲೇ ತಿಳಿಯಿತು.
ಅಜ್ಜಿಯಿಂದ ಕಲಿತೆ ಎಂದು ಬರೆಯಲು
ನಿಮ್ಮ ಫಾರ್ಮಿನಲ್ಲಿ ಜಾಗ ಇರಲಿಲ್ಲ.
ನಿಮ್ಮ ಸಹಿಯೂ ಬೇಕಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ನಾನು ಕಾಣದೆಯೇ ಪ್ರಮಾಣಪತ್ರ ಕೊಡುತ್ತಿದ್ದವಳು.
ಮೇಲ್ವಿಚಾರಕಿ!
ವಿಚಾರಿಸಿದ್ದು ಕಡಿಮೆ,
ಮೇಲೆ ಕೂತದ್ದೇ ಬಹಳ.

ಮರುದಿನ ಅವಳೇ ಒಪ್ಪಿ ನನ್ನನ್ನು ಒಳಗೆ ಬಿಟ್ಟಳು.
ಟೇಪು ಹಾಕಲಿಲ್ಲ.
ನಿಮ್ಮ ಕಡತದಲ್ಲಿ ಹನ್ನೊಂದು ಕಡೆ ತಪ್ಪು ಬರೆದಿದ್ದೇನೆ,
ಅಳಿಸದೆ, ತಾರೀಖು ಹಾಕಿ,
ಕೆಳಗೆ ನನ್ನ ಕೈಯಲ್ಲೇ ತಿದ್ದಲೇ?
ದಾರ ಕಚ್ಚಿ ಕಡಿದಳು.
ಹುಬ್ಬು ಎತ್ತಿದಳು.

ಅಲ್ಲಿಗೆ ಎದ್ದು ಬರಬೇಕಿತ್ತು.
ಕ್ಷಮಿಸುತ್ತೀರಾ, ಎಂದೂ ಕೇಳಿದೆ.
ಅವಳ ಮೂಗು ಒಂದಿಷ್ಟು ಸುಕ್ಕಾಯಿತು.
ಚರ್ಮದ ವಾಸನೆಗಿರಬೇಕು ಅಂದುಕೊಂಡೆ.

ಹೊರಗೆ ಗಾಳಿ. ಲಿಗಾಯಾ ಮಫ್ಲರ್ ಸರಿಸಿ ಹೇಳಿದಳು:
ಮೂಗು ಸುಕ್ಕಿಸಿದರೆ ಇಲ್ಲ ಅಂತ.
ಮತ್ತೆ ಆ ಪ್ರಶ್ನೆ,
ಅದು ನಿಮಗೆ ಬೇಕಾದದ್ದು, ಅವಳಿಗಲ್ಲ.

ಕೈಗವಸು ಬಿಚ್ಚಿ ಬರೆದುಕೊಂಡೆ:
ಇಲ್ಲ ಎಂದಳು.
ಚಳಿಗೆ ಪೆನ್ನು ಹೆಪ್ಪುಗಟ್ಟಿತ್ತು,
ಹಾಳೆಯ ಮೇಲೆ ಬರೀ ಗೀರು.
ಬೆರಳಿಟ್ಟು ಸವರಿದರೆ ಓದಬಹುದು.